ತೂಗುಸೇತುವೆ ಹೊರುವ ಭಾರ

ಮಳೆಗಾಲ ಬಂತೆಂದರೆ ತುಕ್ಕಾನಟ್ಟಿ, ಮೂಡಲಗಿ, ಹುಕ್ಕೇರಿ ಸೀಮೆಯ ಜನರಿಗೆ ಗೋಕಾಕ ಫಾಲ್ಸ್ ನೆನಪಾಗುತ್ತದೆ. ಘಟಪ್ರಭೆ ಸುಮಾರು 52 ಮೀಟರ್ ಆಳಕ್ಕೆ ಧುಮುಕುವ ಆ ತಾಣದಲ್ಲಿ ನೋಡಬೇಕಾದ್ದು ನೀರೊಂದೇ ಅಲ್ಲ. ದಂಡೆಯಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ ಇದೆ, 1887ರಷ್ಟು ಹಿಂದೆಯೇ ಈ ನೀರಿನ ಶಕ್ತಿಯನ್ನು ಬಳಸಿಕೊಂಡ ನೂಲಿನ ಗಿರಣಿ ಇದೆ. ಬಂಡೆಗಳಿಂದ ಸುಮಾರು 14 ಮೀಟರ್ ಮೇಲೆ ತೂಗುಸೇತುವೆಯೊಂದು ಹೊಳೆಯ ಅಡ್ಡಕ್ಕೆ 201 ಮೀಟರ್ ಉದ್ದ ಚಾಚಿಕೊಂಡಿದೆ. ಅದು 1907ರದ್ದು.

ಆ ಸೇತುವೆ ಕಟ್ಟಿದ್ದು ಈ ದಡದಿಂದ ಆ ದಡಕ್ಕೆ ನಡೆದು ಹೋಗಲು. ಇಂಥ ಸೇತುವೆ ಹತ್ತುವ ಇಂದಿನ ಪ್ರವಾಸಿಗೆ ದಾಟುವ ಅವಸರವಿಲ್ಲ. ಅವನು ನಡುವೆ ನಿಲ್ಲುತ್ತಾನೆ, ಕೆಳಗೆ ಬಗ್ಗುತ್ತಾನೆ, ಫೋಟೊ ತೆಗೆಯುತ್ತಾನೆ. ಅವನ ಹಿಂದೆ ಇನ್ನೂ ಹತ್ತು ಜನ ನಿಲ್ಲುತ್ತಾರೆ. ಸಾಲಾಗಿ ಸಾಗುವ ಜನರ ಭಾರ ಬೇರೆ, ಒಂದೇ ಕಡೆ ಗುಂಪುಗೂಡಿ ಸೇತುವೆಯನ್ನು ಜೀಕುವವರ ಭಾರವೇ ಬೇರೆ.

ಈ ವ್ಯತ್ಯಾಸ ಎಷ್ಟು ಘೋರವಾಗಬಲ್ಲದು ಎಂಬುದನ್ನು ಗುಜರಾತಿನ ಮೋರ್ಬಿ ತೋರಿಸಿತು. ಮಚ್ಛು ನದಿಯ ಮೇಲಿದ್ದ ಹತ್ತೊಂಬತ್ತನೇ ಶತಮಾನದ ತೂಗುಸೇತುವೆ ದುರಸ್ತಿಯಾಗಿ 2022ರ ಅಕ್ಟೋಬರ್ 26ರಂದು ಜನರಿಗೆ ತೆರೆಯಿತು. ನಾಲ್ಕೇ ದಿನಕ್ಕೆ, 30ರ ಸಂಜೆ, ಕಡಿದುಬಿತ್ತು. 135 ಜನ ಸತ್ತರು. ತನಿಖೆಯಲ್ಲಿ ಹೊರಬಿದ್ದ ಸಂಗತಿಗಳು ಹಳೆಯ ಕಟ್ಟಡ ಕಾಯುವ ಎಲ್ಲರೂ ಓದಬೇಕಾದವು. ಒಂದು ಮುಖ್ಯ ಹಗ್ಗದ 49 ಉಕ್ಕಿನ ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು. ಮರದ ಹಲಗೆ ಕಿತ್ತು ಅಲ್ಯೂಮಿನಿಯಂ ಹಾಸಿದ್ದರಿಂದ ಸೇತುವೆಯ ತೂಕ ಹೆಚ್ಚಿತ್ತು. ಹಳೆಯ ತೂಗುಸಲಾಕೆಗಳಿಗೆ ಹೊಸದನ್ನು ಬೆಸುಗೆ ಹಾಕಿದ್ದರಿಂದ ಅವು ಬಳುಕುವ ಗುಣ ಕಳೆದುಕೊಂಡಿದ್ದವು. ನೋಡುವವರಿಗೆ ಸೇತುವೆ ಹೊಸದಾಗಿತ್ತು. ಒಳಗೆ ಅದು ಮೊದಲಿಗಿಂತ ದುರ್ಬಲವಾಗಿತ್ತು.

ಹಳೆಯದನ್ನು ಕಾಯುವ ಇದೇ ಪ್ರಶ್ನೆ ಹಂಪಿಯಲ್ಲಿ ಕಲ್ಲಿನ ರೂಪದಲ್ಲಿದೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಗಾಲಿಗಳನ್ನು ಒಂದು ಕಾಲದಲ್ಲಿ ಬಂದವರೆಲ್ಲ ತಿರುಗಿಸುತ್ತಿದ್ದರು. ಸವೆದುಹೋಗಬಾರದೆಂದು ಸಿಮೆಂಟ್ ಹಾಕಿ ಅವನ್ನು ಬಿಗಿಯಲಾಯಿತು. ಸಂಗೀತ ಕಂಬಗಳನ್ನು ತಟ್ಟಿ ಕೇಳುವುದಕ್ಕೂ ತಡೆ ಬಿತ್ತು. ಗುಡಿಯ ಹತ್ತಿರಕ್ಕೆ ಹೊಗೆಯುಗುಳುವ ವಾಹನಗಳ ಬದಲು ಬ್ಯಾಟರಿ ಗಾಡಿಗಳು ಬಂದವು. ಇಷ್ಟಾದರೂ 2019ರಲ್ಲಿ ಯುವಕರು ಕಂಬ ಉರುಳಿಸುವ ವಿಡಿಯೊ ಹರಿದಾಡಿತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ಎತ್ತಿಸಿ ನಿಲ್ಲಿಸಿತು.

ಹಂಪಿಯ ಕಲ್ಲನ್ನು ಜನರಿಂದ ಕಾಯಬೇಕು. ಗೋಕಾಕದಲ್ಲಿ ಸೇತುವೆಯನ್ನೂ ಕಾಯಬೇಕು, ಅದರ ಮೇಲೆ ನಿಂತವರನ್ನೂ ಕಾಯಬೇಕು. ಬೀಗ ಹಾಕಿ ಸುಮ್ಮನಾದರೆ ಜನ ಸುರಕ್ಷಿತ, ನಿಜ. ಆದರೆ ಯಾರೂ ಹತ್ತದ ಸೇತುವೆಯ ತುಕ್ಕನ್ನು ನೋಡಲು ಯಾರೂ ಹೋಗುವುದಿಲ್ಲ. ಬಣ್ಣ ಬಳಿದು, ತಗಡು ಹಾಸಿ ತೆರೆದರೆ ಮೋರ್ಬಿಯ ದಾರಿ. ಈ ಎರಡರ ನಡುವಿನ ಕೆಲಸ ಸದ್ದಿಲ್ಲದ್ದು, ದಿನನಿತ್ಯದ್ದು: ಮಳೆಗೆ ಮುಂಚೆ ಹಗ್ಗದ ಒಂದೊಂದು ಎಳೆ, ಒಂದೊಂದು ಕೊಂಡಿ ಪರೀಕ್ಷಿಸುವುದು, ಬದಲಿಸುವ ಪ್ರತಿ ತುಂಡಿನ ತೂಕ ಲೆಕ್ಕಹಾಕುವುದು, ಒಮ್ಮೆಗೆ ಎಷ್ಟು ಜನ ಎಂಬುದನ್ನು ಹಲಗೆಯ ಮೇಲೆ ಬರೆದು, ಆ ಲೆಕ್ಕ ತಪ್ಪದಂತೆ ಎರಡೂ ದಡದಲ್ಲಿ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸುವುದು.