ಮಲಾಡಿನಲ್ಲಿ ಮಾತು ನಿಲ್ಲಿಸಿದ ಬ್ಯೋಮಕೇಶ್

1938ರಲ್ಲಿ ಬಂಗಾಳಿ ಲೇಖಕರೊಬ್ಬರು ಮುಂಬಯಿಗೆ ಬಂದರು. ಹೆಸರು ಶರದಿಂದು ಬಂದ್ಯೋಪಾಧ್ಯಾಯ, ವಯಸ್ಸು 39. ಬಿಹಾರದ ಮುಂಗೇರಿನಲ್ಲಿ ವಕೀಲಿ ಮಾಡುತ್ತಿದ್ದವರು ಅದನ್ನು ಬಿಟ್ಟು ಬರವಣಿಗೆ ಹಿಡಿದಿದ್ದರು. ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ 1934ರಲ್ಲಿ ಮಲಾಡಿನಲ್ಲಿ ಕಟ್ಟಿದ ಬಾಂಬೆ ಟಾಕೀಸ್, ಸಿನಿಮಾ ಕಥೆ ಬರೆಯಲು ಅವರನ್ನು ಕರೆಸಿಕೊಂಡಿತ್ತು. ‘ದುರ್ಗಾ’, ‘ಕಂಗನ್’ ಮೊದಲಾದ ಚಿತ್ರಗಳಿಗೆ ಅವರು ಬರೆದರು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ಅಶೋಕ್ ಕುಮಾರ್ ಜೊತೆ ನಾಯಕಿಯಾಗಿ ನಟಿಸಿದ್ದು ಇದೇ ‘ಕಂಗನ್’ನಲ್ಲಿ, 1939ರಲ್ಲಿ.

ಮುಂಬಯಿಗೆ ಬರುವ ಹೊತ್ತಿಗೆ ಶರದಿಂದು ಒಬ್ಬ ಪತ್ತೇದಾರನನ್ನು ಬಂಗಾಳದ ಓದುಗರ ಮನೆಮಾತಾಗಿಸಿದ್ದರು. ಅವನೇ ಬ್ಯೋಮಕೇಶ್ ಬಕ್ಷಿ. 1932ರಿಂದ ಕೆಲವೇ ವರ್ಷಗಳಲ್ಲಿ ಅವನ ಹತ್ತು ಕಥೆಗಳು ಬಂದಿದ್ದವು. ಮುಂಬಯಿಯ ಸಿನಿಮಾ ಕೆಲಸ ಹಿಡಿದ ಮೇಲೆ ಒಂದೂ ಬರಲಿಲ್ಲ. ಸುಮಾರು ಹದಿನೈದು ವರ್ಷ ಬ್ಯೋಮಕೇಶ್ ಸುಮ್ಮನಿದ್ದ.

ಅವನನ್ನು ಮತ್ತೆ ಮಾತಾಡಿಸಿದವರು ಮಕ್ಕಳು. ಶರದಿಂದು ಒಮ್ಮೆ ಕಲ್ಕತ್ತಕ್ಕೆ ಹೋದಾಗ ಲೇಖಕ ಪರಿಮಳ ಗೋಸ್ವಾಮಿಯವರ ಮನೆಯ ಹುಡುಗ ಹುಡುಗಿಯರು, ಬ್ಯೋಮಕೇಶನ ಕಥೆ ಯಾಕೆ ಬರೆಯುತ್ತಿಲ್ಲ ಎಂದು ಅವರನ್ನು ಹಿಡಿದುಕೊಂಡರು. ಈಗಿನ ಮಕ್ಕಳಿಗೂ ಅವನು ಬೇಕು ಎಂಬುದು ಲೇಖಕರಿಗೆ ತಿಳಿದದ್ದೇ ಆಗ. 1950ರ ದಶಕದ ಆರಂಭದಲ್ಲಿ ‘ಚಿತ್ರಚೋರ್’ ಬಂತು. 1952ರಲ್ಲಿ ಮುಂಬಯಿ ಬಿಟ್ಟು ಪುಣೆಯಲ್ಲಿ ನೆಲೆಸಿದ ಶರದಿಂದು, 1970ರಲ್ಲಿ ತೀರಿಕೊಳ್ಳುವವರೆಗೂ ಅವನ ಕಥೆ ಬರೆಯುತ್ತಲೇ ಇದ್ದರು. ಪೂರ್ತಿಯಾದವು ಒಟ್ಟು 32. ಕೊನೆಯದೊಂದು ಅರ್ಧಕ್ಕೆ ನಿಂತಿತು.

ಈ ಕಥೆಗಳಲ್ಲಿ ಬ್ಯೋಮಕೇಶನಿಗೆ ವಯಸ್ಸಾಗುತ್ತದೆ. ಷರ್ಲಾಕ್ ಹೋಮ್ಸ್ ಮದುವೆಯಾಗಲಿಲ್ಲ. ಬ್ಯೋಮಕೇಶ್ ಒಂದು ಕೊಲೆಯ ತನಿಖೆಯಲ್ಲಿ ಕಂಡ ಸತ್ಯವತಿಯನ್ನೇ ಮದುವೆಯಾಗಿ ಮಗನ ತಂದೆಯೂ ಆದ. ಗೆಳೆಯ ಅಜಿತ್ ಅವನನ್ನು ಮೊದಲು ನೋಡಿದ್ದು ಬಂಗಾಳಿ ಶಕೆ 1331ರಲ್ಲಿ, ಅಂದರೆ 1924ರ ಸುಮಾರಿಗೆ. ಆಗ ಅವನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. 1946ರ ಕಲ್ಕತ್ತ ಗಲಭೆಯ ಹಿನ್ನೆಲೆಯ ‘ಆದಿಮ್ ರಿಪು’ ಹೊತ್ತಿಗೆ ಅವನು ನಡುವಯಸ್ಸಿನ ಸಂಸಾರಸ್ಥ. 1993ರಲ್ಲಿ ಮುಂಬಯಿಯ ಬಾಸು ಚಟರ್ಜಿ ದೂರದರ್ಶನಕ್ಕೆ ಮಾಡಿದ ಧಾರಾವಾಹಿಯಲ್ಲಿ ರಜಿತ್ ಕಪೂರ್ ಆಡಿದ್ದು ಈ ಬ್ಯೋಮಕೇಶನನ್ನೇ: ಧೋತಿ, ಜುಬ್ಬಾ, ಏರದ ದನಿ, ಮನೆಯಲ್ಲಿ ಹೆಂಡತಿ. ಕರ್ನಾಟಕದಲ್ಲಿ ಬಂಗಾಳಿ ಬಾರದ ಎಷ್ಟೋ ಮನೆಗಳಿಗೆ ಅವನು ಪರಿಚಯವಾದದ್ದು ಹಿಂದಿಯ ಈ ಧಾರಾವಾಹಿಯಿಂದ.

ಬೆಳೆದು ನಿಂತ ಪತ್ತೇದಾರನನ್ನು ಹುಡುಗನನ್ನಾಗಿಸುವ ಆಟ ಸಿನಿಮಾಕ್ಕೆ ಹೊಸದಲ್ಲ. 1985ರ ‘ಯಂಗ್ ಷರ್ಲಾಕ್ ಹೋಮ್ಸ್’ನಲ್ಲಿ ಹೋಮ್ಸ್ ಮತ್ತು ವಾಟ್ಸನ್ ಲಂಡನ್ನಿನ ಒಂದೇ ಶಾಲೆಯ ಹುಡುಗರು. ಕಾನನ್ ಡಾಯ್ಲ್ ಬರೆದಂತೆ ಅವರಿಬ್ಬರೂ ಭೇಟಿಯಾದದ್ದು ದೊಡ್ಡವರಾದ ಮೇಲೆ. ಇದು ಬರೀ ಊಹೆ ಎಂದು ಸಿನಿಮಾ ತಾನೇ ಒಪ್ಪಿಕೊಂಡಿತ್ತು. ಆದರೂ ಹೋಮ್ಸನ ಪೈಪು, ಟೋಪಿ, ಒಂಟಿತನ ಒಂದೊಂದಕ್ಕೂ ಬಾಲ್ಯದಲ್ಲಿ ಒಂದೊಂದು ಕಾರಣ ಹುಡುಕಿಕೊಟ್ಟಿತು.

ಬ್ಯೋಮಕೇಶನ ಸರದಿ 2015ರ ಏಪ್ರಿಲ್ 3ರಂದು ಬಂತು. ಮುಂಬಯಿಯ ಯಶ್ ರಾಜ್ ಫಿಲ್ಮ್ಸ್ ಸೇರಿ ನಿರ್ಮಿಸಿದ, ದಿಬಾಕರ್ ಬ್ಯಾನರ್ಜಿ ನಿರ್ದೇಶನದ ‘ಡಿಟೆಕ್ಟಿವ್ ಬ್ಯೋಮಕೇಶ್ ಬಕ್ಷಿ!’ಯಲ್ಲಿ ಸುಶಾಂತ್ ಸಿಂಗ್ ರಾಜ್‌ಪೂತ್ ಶಾಲಾಹುಡುಗನೇನಲ್ಲ, ಆಗಷ್ಟೇ ಕಾಲೇಜು ಮುಗಿಸಿದ ತರುಣ. ಕಥೆಯ ಕಾಲ ಎರಡನೇ ಮಹಾಯುದ್ಧ. ಜಪಾನಿನ ಬಾಂಬುಗಳಿಗೆ ಹೆದರಿದ 1943ರ ಕಲ್ಕತ್ತ. ಮೂಲದ ಲೆಕ್ಕ ಹಿಡಿದರೆ ಆಗ ಬ್ಯೋಮಕೇಶನಿಗೆ ನಲವತ್ತು ದಾಟಿರಬೇಕು. ಸಿನಿಮಾ ಅವನ ವಯಸ್ಸಿನಿಂದ ಸುಮಾರು ಇಪ್ಪತ್ತು ವರ್ಷ ಕಳೆದುಬಿಟ್ಟಿತು.

ಆದರೆ 1943ರಲ್ಲಿ ಬ್ಯೋಮಕೇಶ್ ಏನು ಮಾಡುತ್ತಿದ್ದ ಎಂದು ಶರದಿಂದು ಆಗ ಬರೆದಿರಲಿಲ್ಲ. ಅವರು ಮುಂಬಯಿಯಲ್ಲಿ ಸಿನಿಮಾಗಳಿಗೆ ಬರೆಯುತ್ತಿದ್ದರು. ಅದೇ ನಗರದ ಇನ್ನೊಂದು ಸಂಸ್ಥೆ, ಎಪ್ಪತ್ತು ವರ್ಷಗಳ ನಂತರ, ಆ ಖಾಲಿ ಹಾಳೆಯ ಮೇಲೆಯೇ ತನ್ನ ಬ್ಯೋಮಕೇಶನನ್ನು ಬರೆಯಿತು.

ಬರೆಯುವಾಗ ಬದಲಾದದ್ದು ವಯಸ್ಸೊಂದೇ ಅಲ್ಲ. ‘ಸತ್ಯಾನ್ವೇಷಿ’ ಕಥೆಯಲ್ಲಿ ಬ್ಯೋಮಕೇಶ್ ಅತುಲ್ ಎಂಬ ಸುಳ್ಳು ಹೆಸರಿನಲ್ಲಿ ಬಾಡಿಗೆ ಮೆಸ್ಸಿಗೆ ಬರುತ್ತಾನೆ. ಅನುಮಾನ ಅವನ ಜೊತೆಗೇ ಒಳಗೆ ಬಂದಿರುತ್ತದೆ. ಏನೂ ಅರಿಯದವರು ಅಜಿತ್ ಮತ್ತು ಓದುಗ. ಸಿನಿಮಾದಲ್ಲಿ ಅಜಿತ್ ಕಾಣೆಯಾದ ತಂದೆಯನ್ನು ಹುಡುಕಿಕೊಡು ಎಂದು ಬರುತ್ತಾನೆ. ತರುಣ ಬ್ಯೋಮಕೇಶ್ ಜಂಬದಿಂದ ಮಾತಾಡಿ ಅವನ ಕೈಯಲ್ಲಿ ಕೆನ್ನೆಗೆ ಏಟು ತಿನ್ನುತ್ತಾನೆ. ತಪ್ಪು ಊಹಿಸುತ್ತಾನೆ, ನಂಬಬಾರದವರನ್ನು ನಂಬುತ್ತಾನೆ. ಮೆಸ್ಸಿನ ಕೊಕೇನ್ ವ್ಯಾಪಾರದ ಪುಟ್ಟ ಕಥೆ, ನಗರವನ್ನೇ ನುಂಗಹೊರಟ ಯುದ್ಧಕಾಲದ ಸಂಚಾಗಿ ಬೆಳೆಯುತ್ತದೆ.

ಇದರಲ್ಲಿ ಒಂದು ನಷ್ಟವಿದೆ. ಡಿಟೆಕ್ಟಿವ್ ಎಂಬ ಮಾತು ಬ್ಯೋಮಕೇಶನಿಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ತನ್ನನ್ನು ಸತ್ಯಾನ್ವೇಷಿ ಎಂದು ಕರೆದುಕೊಂಡ. ಸಿನಿಮಾ ಅದೇ ಮಾತನ್ನು ಅವನ ಹೆಸರಿನ ಮುಂದೆ ಅಂಟಿಸಿ ಕೊನೆಗೊಂದು ಉದ್ಗಾರ ಚಿಹ್ನೆಯನ್ನೂ ಹಾಕಿತು. ಒಂದು ಲಾಭವೂ ಇದೆ. ಶರದಿಂದು ಅವರ ಬ್ಯೋಮಕೇಶ್ ಮೊದಲ ದಿನದಿಂದಲೇ ಪಳಗಿದವನು. ಎಡವಿ ಎಡವಿ ಸತ್ಯದ ಹತ್ತಿರ ಹೋಗುವವನು ಸಿನಿಮಾದ ತರುಣ. ಸತ್ಯಾನ್ವೇಷಿ ಎಂಬ ಬಿರುದಿಗೆ ಅಷ್ಟು ಎಡವುವುದೂ ಸಲ್ಲುತ್ತದೆ.

ಮುಂದಿನ ಭಾಗದ ಸುಳಿವು ಕೊಟ್ಟು ಸಿನಿಮಾ ಮುಗಿಯಿತು. ಗಳಿಕೆ ಸಾಧಾರಣವಾಗಿತ್ತು, ಎರಡನೇ ಭಾಗ ಬರಲಿಲ್ಲ. 2020ರ ಜೂನ್‌ನಲ್ಲಿ, 34ನೇ ವಯಸ್ಸಿಗೆ, ಸುಶಾಂತ್ ಮುಂಬಯಿಯಲ್ಲಿ ತೀರಿಕೊಂಡರು. ಶರದಿಂದು ತಮ್ಮ ಬ್ಯೋಮಕೇಶನಿಗೆ ಮದುವೆ ಮಾಡಿಸಿದರು, ಮಗನನ್ನು ಕೊಟ್ಟರು, ಮುಪ್ಪಿನ ದಾರಿಗೂ ಹಚ್ಚಿದರು. ಮುಂಬಯಿಯ ಈ ಬ್ಯೋಮಕೇಶ್ ಮಾತ್ರ 1943ರ ಕಲ್ಕತ್ತದಲ್ಲಿ ತರುಣನಾಗಿಯೇ ಉಳಿದ.