ಹೇಮಾವತಿಯ ನೀರು, ಇಂಗ್ಲಿಷಿನ ಪಾಠ

ಡ್ಯಾಫೊಡಿಲ್ ಎಂದರೆ ಹುಚ್ಚೆಳ್ಳಿನ ಹೂವು ಎಂದೇ ನಾನು ಬಹಳ ವರ್ಷ ನಂಬಿಕೊಂಡಿದ್ದೆ. ವರ್ಡ್ಸ್‌ವರ್ತ್‌ನ ಪದ್ಯ ಪಾಠ ಮಾಡುವಾಗ ನಮ್ಮ ಇಂಗ್ಲಿಷ್ ಮೇಷ್ಟ್ರು 'ಹಳದಿ ಹೂವು ಕಣ್ರಪ್ಪ, ಗಾಳಿಗೆ ತೂಗುತ್ತೆ, ಕಣ್ಣು ಹಾಯಿಸಿದಷ್ಟು ದೂರ ಇರುತ್ತೆ' ಎಂದಿದ್ದರು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಪಕ್ಕದ ನಮ್ಮೂರಿನಲ್ಲಿ, ನಾಲೆ ನೀರು ಹತ್ತದ ಹೊಲಗಳಲ್ಲಿ, ಆ ಲಕ್ಷಣಕ್ಕೆ ಹೊಂದುವ ಹೂವು ಬೇರೊಂದಿರಲಿಲ್ಲ.

ಅದು 1987–88ನೇ ಸಾಲು, ನಾವು ಎಸ್ಸೆಸ್ಸೆಲ್ಸಿ. ಗಣಿತದಲ್ಲಿ ಹೇಗೋ ದಡ ಸೇರುತ್ತಿದ್ದವರೂ ಇಂಗ್ಲಿಷಿನಲ್ಲಿ ಮುಳುಗುತ್ತಿದ್ದರು. ಮುಳುಗಿದ ಗಂಡುಹುಡುಗರು ಕಬ್ಬು ಕಡಿಯುವುದಕ್ಕೋ ಆಲೆಮನೆಗೋ ಬೆಂಗಳೂರಿನ ಹೋಟೆಲುಗಳಿಗೋ ಹೋಗುತ್ತಿದ್ದರು. ಹೆಣ್ಣುಹುಡುಗಿಯರಿಗೆ ಗಂಡು ನೋಡುತ್ತಿದ್ದರು. ಹಾಗಾಗಿ ಪದ್ಯ ನಮಗೆ ಪದ್ಯವಾಗಿರಲಿಲ್ಲ. ಗೈಡಿನಲ್ಲಿ ಅಚ್ಚಾದ ಸಾರಾಂಶ ಅದು, ಬಾಯಿಪಾಠ ಮಾಡಿ ಕಕ್ಕಬೇಕಾದದ್ದು.

ಮಂಡ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದ ಮೇಷ್ಟ್ರು ಒಂದು ದಿನ ಹಾಜರಿ ಹಾಕಿ ಮುಗಿಸಿ ಕೇಳಿದರು: 'ಬೆಳಿಗ್ಗೆ ಪ್ರಾರ್ಥನೆ ಹೇಳಿದ್ರಲ್ಲ, ಅದು ಯಾವ ಭಾಷೆ ಪದ್ಯ?' ಬೆಳಕನ್ನು ಕೈಹಿಡಿದು ನಡೆಸೆಂದು ಕರೆಯುವ ಆ ಹಾಡನ್ನು ಕನ್ನಡ ನಾಡಿನ ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. 'ಕನ್ನಡ ಸಾರ್' ಎಂದು ಒಕ್ಕೊರಲಿನಲ್ಲಿ ಕೂಗಿದೆವು. ಅವರು ನಕ್ಕರು. ಅದನ್ನು 1833ರಲ್ಲಿ ಇಂಗ್ಲಿಷಿನಲ್ಲಿ ಬರೆದವನು ಜಾನ್ ಹೆನ್ರಿ ನ್ಯೂಮನ್ ಎಂಬ ಪಾದ್ರಿ. ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು ಊರಿಗೆ ಹೊರಟಿದ್ದ. ಕಿತ್ತಳೆ ಹಣ್ಣು ತುಂಬಿದ ದೋಣಿ ಗಾಳಿಯಿಲ್ಲದೆ ನಡುಗಡಲಿನಲ್ಲಿ ನಿಂತಾಗ ಹುಟ್ಟಿದ ಪದ್ಯ ಅದು. ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯ. 'ಅವರ ಊರು ಯಾವುದು ಗೊತ್ತೇನ್ರೋ? ನಾಗಮಂಗಲ ತಾಲ್ಲೂಕು ಬೆಳ್ಳೂರು. ನಿಮ್ಮ ಜಿಲ್ಲೆ!'

ಬಿ.ಎಂ.ಶ್ರೀ ಎಂದರೆ ಕನ್ನಡ ಪುಸ್ತಕದಲ್ಲಿ ಪೇಟ ಸುತ್ತಿದ ಒಂದು ಚಿತ್ರವಾಗಿದ್ದರು ನಮಗೆ. ಅವರು ಸಂಬಳ ಎಣಿಸುತ್ತಿದ್ದದ್ದು ಇಂಗ್ಲಿಷ್ ಪಾಠ ಹೇಳಿ ಎಂಬುದು ಅವತ್ತೇ ತಿಳಿದದ್ದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಅವರು 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆ ಹೇಗೆಂದು ಭಾಷಣ ಮಾಡಿದರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ತಂದರು. ಷಟ್ಪದಿ, ಕಂದಗಳಲ್ಲೇ ಓಡಾಡಿಕೊಂಡಿದ್ದ ಕನ್ನಡ ಪದ್ಯಕ್ಕೆ ಹೊಸ ನಡಿಗೆ ಕಲಿಸಿದ ಪುಸ್ತಕ ಅದು. ತರಗತಿಯಲ್ಲಿ ಕಲಿಸುತ್ತಿದ್ದ ಬಗೆಯ ಕವಿತೆಗಳನ್ನೇ ಅವರು ಮನೆಗೆ ತಂದು ಕನ್ನಡ ಮಾಡಿದರು ಎನ್ನುವುದು ನನಗೆ ಈಗಲೂ ಸೋಜಿಗ. ಅದೇ ಪಾಠ ಅರವತ್ತು ವರ್ಷದಲ್ಲಿ ನಮ್ಮ ಪಾಲಿಗೆ ಬರುವಾಗ ಗೈಡಾಗಿತ್ತು. ಅವರಾದ ಮೇಲೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ ಸ್ಕಾಟ್ಲೆಂಡಿನ ಬರ್ನ್ಸ್‌ನನ್ನು ಕನ್ನಡಕ್ಕೆ ಕರೆತಂದರು. ಮೇಷ್ಟ್ರು ಇಷ್ಟು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ದಸರಾ ರಜೆ ಮುಗಿದ ಮೇಲೆ ಅವರು ಪರೀಕ್ಷೆಗೆ ಸಂಬಂಧವೇ ಇಲ್ಲದ ಒಂದು ಕೆಲಸ ಹಚ್ಚಿದರು. ತರಗತಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್', ಇನ್ನೊಂದಕ್ಕೆ ರಾಜಾರಾವ್ ಅವರ 'ಕಾಂತಾಪುರ'. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದೊಂದು ಅಧ್ಯಾಯ ಅವರೇ ಓದಿ ಹೇಳುತ್ತಿದ್ದರು. ಕತೆಯಲ್ಲಿ ಬರುವ ಊರು, ಹೊಳೆ, ಗಲಾಟೆ ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ನಾವು ಹುಡುಕಬೇಕು. ಮೊದಲ ಗುಂಪಿನವರು ಪುಣ್ಯವಂತರು. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಟೀವಿಯಲ್ಲಿ ಬಂದಿತ್ತು, ಊರಲ್ಲಿದ್ದ ಒಂದೇ ಟೀವಿಯ ಮುಂದೆ ಎಲ್ಲರೂ ಕೂತಿದ್ದೆವು. ನಾರಾಯಣರು ಪಕ್ಕದ ಚನ್ನಪಟ್ಟಣದಲ್ಲಿ ಕೆಲವೇ ದಿನ ಮೇಷ್ಟ್ರಾಗಿದ್ದು, ಒಗ್ಗದೆ ಬಿಟ್ಟು ಬಂದರಂತೆ ಎಂದು ತಿಳಿದು ಆ ಗುಂಪು ಬೀಗಿತು.

ನಮ್ಮದು 'ಕಾಂತಾಪುರ'. ಇಂಗ್ಲಿಷಿನಲ್ಲಿ ನಾಲ್ಕು ಸಾಲು ದಾಟಲಾಗಲಿಲ್ಲ. ವಾಕ್ಯ ಮುಗಿಯುವುದೇ ಇಲ್ಲ. ಆದರೆ ಮೇಷ್ಟ್ರು ಅದನ್ನೇ ಕನ್ನಡ ಮಾಡಿ ಓದಿದಾಗ ನಮ್ಮಜ್ಜಿ ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತ, ಒಂದರಿಂದ ಇನ್ನೊಂದಕ್ಕೆ ಹಾರುತ್ತ ಹೇಳಿದಂತೆಯೇ ಕೇಳಿಸಿತು. ಕತೆ ಹೇಳುವವಳೂ ಒಬ್ಬ ಮುದುಕಿ, ಅಚ್ಚಕ್ಕ. ರಾಜಾರಾವ್ ಹಾಸನದಲ್ಲಿ ಹುಟ್ಟಿದವರು, ಮೊದಮೊದಲು ಕನ್ನಡದಲ್ಲೂ ಬರೆದವರು. ಬಿ.ಎಂ.ಶ್ರೀ ಇಂಗ್ಲಿಷನ್ನು ಕನ್ನಡದ ಲಯಕ್ಕೆ ಇಳಿಸಿದರೆ ಇವರು ಕನ್ನಡದ ಅಜ್ಜಿಯ ಉಸಿರನ್ನು ಇಂಗ್ಲಿಷಿಗೆ ಏರಿಸಿದ್ದರು.

ಹೊಳೆಯ ವಿಷಯ ಬೇಗ ಬಗೆಹರಿಯಿತು. ಕಾದಂಬರಿಯಲ್ಲಿ ಹರಿಯುವುದು ಹಿಮಾವತಿ. ಹೆಸರು ತುಸು ತಿದ್ದಿದ ನಮ್ಮ ಹೇಮಾವತಿಯೇ ಇದು ಎಂದು ಭೂಪಟ ನೋಡಿ ತೀರ್ಮಾನಿಸಿದೆವು. ಹೇಮಾವತಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಹಿಂದೆ ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಬರುತ್ತದೆ. ಅಂದರೆ ಅಚ್ಚಕ್ಕನ ಹೊಳೆಯ ನೀರೇ ನಮ್ಮ ಕಬ್ಬಿಗೂ ಕಟ್ಟುತ್ತಿದ್ದದ್ದು! ಇದನ್ನು ಕಂಡುಹಿಡಿದ ದಿನ ನಾನು ಕುಣಿದದ್ದು ನೆನಪಿದೆ.

ಗಲಾಟೆಯದು ಅಷ್ಟು ಸುಲಭವಾಗಲಿಲ್ಲ. ಗಾಂಧೀಜಿಯ ಮಾತಿಗೆ ಎದ್ದು ನಿಂತ ಒಂದು ಹಳ್ಳಿಯ ಕತೆ ಲಂಡನ್ನಿನಲ್ಲಿ ಅಚ್ಚಾದದ್ದು 1938ರಲ್ಲಿ. ಅದೇ 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಬಾವುಟ ಹಾರಿಸಕೂಡದೆಂಬ ಸರ್ಕಾರದ ಆಜ್ಞೆ ಮುರಿದು ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರೂ ಸಂಗಡಿಗರೂ ಬಂಧನಕ್ಕೊಳಗಾದರು. ಆ ತಿಂಗಳು ಮುಗಿಯುವ ಮೊದಲೇ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತಾಡಿ, ಮೈಸೂರಿನ ಧ್ವಜದ ಜತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಕಾದಂಬರಿ ಬರೆದವರಿಗೆ ಶಿವಪುರ ಗೊತ್ತಿರಲು ಸಾಧ್ಯವಿಲ್ಲ, ಪುಸ್ತಕ ಅಷ್ಟರಲ್ಲಿ ಮುಗಿದಿತ್ತು.

ನಮ್ಮ ಗುಂಪಿನ ನಾಲ್ವರು ಶಿವಪುರಕ್ಕೆ ಹೋದೆವು. ಹುಡುಗನಾಗಿದ್ದಾಗ ಆ ಜಾತ್ರೆಯಂಥ ಜನ ಕಂಡಿದ್ದ ಒಬ್ಬ ತಾತ ಸಿಕ್ಕಿದರು. 'ನಮ್ಮಪ್ಪ ಹೋಗ್ಬೇಡ ಕಣ್ಲಾ ಅಂದ. ನಾನು ಗಾಡಿ ಹಿಂದ್ಗಡೆ ಜೋತ್ಕಂಡು ಹೋದೆ. ಬಾವುಟ ಕಾಣ್ನಿಲ್ಲ, ಬರೀ ತಲೆಗೋಳು' ಎಂದರು. ನಾವು ಬರೆದುಕೊಂಡದ್ದು ಇಷ್ಟೇ. ಮೇಷ್ಟ್ರು ಮಾತ್ರ ಇದೇ ಚರಿತ್ರೆ ಎಂದರು.

ಮುಂದಿನ ಶನಿವಾರ ಗುಂಪಿನಲ್ಲಿದ್ದ ಮಳವಳ್ಳಿ ಕಡೆಯ ಹುಡುಗಿ ಎದ್ದು ನಿಂತಳು. ಇಂಗ್ಲಿಷ್ ಪದ್ಯವನ್ನು ಅವಳಷ್ಟು ಚೆನ್ನಾಗಿ ಓದುವವರು ನಮ್ಮಲ್ಲಿ ಇರಲಿಲ್ಲ. 'ಸಾರ್, ಕಾಂತಾಪುರದೋರು ಬಿಳಿಯರ ಸರ್ಕಾರ ಅಂತ ಬೈತಾರೆ. ಶಿವಪುರದಲ್ಲಿ ಹಿಡಿದಿದ್ದು ಮಹಾರಾಜರ ಪೊಲೀಸ್ನೋರಲ್ವಾ? ಹಂಗಾದ್ರೆ ಪುಸ್ತಕದಲ್ಲಿ ಮಹಾರಾಜರು ಎಲ್ಲಿ?' ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಉತ್ತರ ಕೊಡಲಿಲ್ಲ. 'ನಾನು ಎಂ.ಎ.ನಲ್ಲಿ ಇದನ್ನ ಕೇಳ್ಕೊಳ್ಳಲಿಲ್ಲ ಕಣಮ್ಮ' ಎಂದರು. ಸಂಸ್ಥಾನದ ಚಳವಳಿಗೂ ಬ್ರಿಟಿಷ್ ಪ್ರಾಂತ್ಯದ ಚಳವಳಿಗೂ ಇದ್ದ ವ್ಯತ್ಯಾಸವನ್ನು ನಾನು ಆಮೇಲೆ ಚರಿತ್ರೆಯ ವಿದ್ಯಾರ್ಥಿಯಾಗಿ ಬಹಳ ಓದಿದೆ. ಆದರೆ ಇಷ್ಟು ನೇರವಾದ ಪ್ರಶ್ನೆ ಮತ್ತೆ ಎದುರಾಗಲಿಲ್ಲ. ನನ್ನ ಉತ್ತರವೂ ಪೂರ್ತಿಯಾಗಿಲ್ಲ. ಮೈಸೂರಿನ ಹಳ್ಳಿಯನ್ನು ಇಡೀ ದೇಶದ ಹಳ್ಳಿ ಮಾಡುವ ಆಸೆಯಲ್ಲಿ ಅರಮನೆ ಮರೆಗೆ ಸರಿದಿರಬೇಕು ಎನ್ನುವುದು ನನ್ನ ಊಹೆ.

ಜನವರಿಯಲ್ಲಿ ಶನಿವಾರದ ಓದು ನಿಂತಿತು. ಪರೀಕ್ಷೆ ಹತ್ತಿರ ಬಂತು, ಕತೆ ಅರ್ಧಕ್ಕೇ ಉಳಿಯಿತು, ಮತ್ತೆ ಗೈಡು. ಫಲಿತಾಂಶ ಬಂದಾಗ ನಾನು ಹೇಗೋ ಪಾಸು. ಅವಳು ಇಂಗ್ಲಿಷಿನಲ್ಲಿ ಫೇಲು. ಅವಳು ಓದಿದ ರಾಗಕ್ಕಾಗಲಿ ಕೇಳಿದ ಪ್ರಶ್ನೆಗಾಗಲಿ ಆ ಪತ್ರಿಕೆಯಲ್ಲಿ ಅಂಕ ಇರಲಿಲ್ಲ. ಮದುವೆಯಾಯಿತೆಂದು ಕೇಳಿದೆ.

ಕೆಲವು ವರ್ಷದ ಹಿಂದೆ ಮದ್ದೂರು ಬಸ್ ನಿಲ್ದಾಣದಲ್ಲಿ ಅವಳೇ ಗುರುತು ಹಿಡಿದಳು. ಜೊತೆಯಲ್ಲಿ ಮೊಮ್ಮಗ. ಮನೆ, ಮಕ್ಕಳು, ಮಳೆ ಎಲ್ಲ ಆದ ಮೇಲೆ ಕೇಳಿದಳು: 'ಆ ಅಜ್ಜಿ ಕತೆ ಕೊನೇಗೆ ಏನಾಯ್ತು? ನಮಗೆ ಹೇಳ್ನೇ ಇಲ್ವಲ್ಲ.'

'ಊರು ಸುಟ್ಟು ಬೂದಿಯಾಯ್ತು. ಉಳಿದ ಹೆಂಗಸರು ಬೇರೆ ಊರು ಸೇರ್ಕೊಂಡ್ರು. ಅಲ್ಲಿ ಕೂತ್ಕೊಂಡೇ ಅಜ್ಜಿ ಇಷ್ಟೂ ಹೇಳ್ತಾಳೆ' ಎಂದೆ.

'ಸದ್ಯ, ಅವಳು ಉಳ್ಕಂಡ್ಲಲ್ಲ' ಎಂದಳು. ಮಳವಳ್ಳಿ ಬಸ್ಸು ಬಂತು. ಮೊಮ್ಮಗನನ್ನು ಮುಂದೆ ಹತ್ತಿಸಿ, ಚೀಲ ಎತ್ತಿಕೊಂಡು ಹತ್ತಿದಳು.