ಬೊರಿವಲಿಯಿಂದ ತೌರಿಗೆ: ಕೊಂಕಣ ರೈಲ್ವೆಯ ನಿಧಾನದ ಕಥೆ

ನಮ್ಮ ಬೊರಿವಲಿಗೆ ರೈಲು ಬಂದು ಒಂದೂವರೆ ಶತಮಾನ ದಾಟಿದೆ. 1867ರ ಏಪ್ರಿಲ್ 12ರಂದು ವಿರಾರಿನಿಂದ ಮುಂಬಯಿಯ ಬ್ಯಾಕ್‌ಬೇಗೆ ಓಡಿದ ಮೊದಲ ಲೋಕಲ್ ಗಾಡಿಗೆ ಇಲ್ಲೊಂದು ನಿಲ್ದಾಣವಿತ್ತು. ಆಗ ದಿನಕ್ಕೆ ಒಂದೇ ಗಾಡಿ. 1928ರ ಜನವರಿಯಲ್ಲಿ ಕೊಲಾಬಾದಿಂದ ಬೊರಿವಲಿಯವರೆಗೆ ವಿದ್ಯುತ್ ರೈಲೂ ಬಂತು. ಅತ್ತ ಮಂಗಳೂರು 1907ರಲ್ಲೇ ರೈಲು ಕಂಡ ಊರು. ಆದರೆ ಆ ಹಳಿ ಬಂದದ್ದು ದಕ್ಷಿಣದ ಶೋರನೂರಿನ ಕಡೆಯಿಂದ, ಮದರಾಸಿನ ನಂಟು ಹಿಡಿದು. ಹೀಗೆ ನಾವು ಹುಟ್ಟಿದ ಊರಿಗೂ ರೈಲಿತ್ತು, ದುಡಿಯಲು ಬಂದ ಊರಿಗೂ ರೈಲಿತ್ತು. ಎರಡರ ನಡುವಿನ ಕರಾವಳಿಗೆ ಮಾತ್ರ 1998ರವರೆಗೆ ಪೂರ್ತಿ ಹಳಿ ಇರಲಿಲ್ಲ.

ಮಂಗಳೂರಿಗೆ ರೈಲಿನಲ್ಲೇ ಹೋಗಬೇಕೆಂದರೆ ಸೊಲ್ಲಾಪುರ, ರಾಯಚೂರು, ಗುಂತಕಲ್ಲು, ಸೇಲಂ, ಪಾಲಕ್ಕಾಡು, ಶೋರನೂರು ಎಂದು ಅರ್ಧ ದಕ್ಷಿಣ ಭಾರತವನ್ನು ಪ್ರದಕ್ಷಿಣೆ ಹಾಕಬೇಕಿತ್ತು. ಕೊಂಕಣ ರೈಲ್ವೆಯದೇ ಲೆಕ್ಕದ ಪ್ರಕಾರ ಆ ಸುತ್ತುದಾರಿ 2,041 ಕಿ.ಮೀ., ಹೊಸ ದಾರಿ 914 ಕಿ.ಮೀ. ಆದ್ದರಿಂದ ಹೆಚ್ಚಿನವರು ಬಸ್ಸನ್ನೇ ನಂಬಿದ್ದರು. ಒಂದು ರಾತ್ರಿ, ಒಂದು ಹಗಲು, ಕೆಲವೊಮ್ಮೆ ಇನ್ನೂ ಅರ್ಧ ದಿನ. ಘಟ್ಟದ ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳು, ಮಡಿಲಲ್ಲಿ ಕೂಸು, ಕಾಲ ಬುಡದಲ್ಲಿ ಗಂಟು. ಬಸ್ಸು ಎಲ್ಲಿ ನಿಲ್ಲುತ್ತದೋ, ನಿಂತಲ್ಲಿ ಹೆಂಗಸರಿಗೆ ಮರೆ ಇರುತ್ತದೋ ಇಲ್ಲವೋ ಎಂಬ ಅಂಜಿಕೆಯಿಂದ ನಮ್ಮ ತಾಯಂದಿರು ಹೊರಡುವ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ಈ ಮಾತು ಯಾವ ಸರ್ವೇ ವರದಿಯಲ್ಲಿ ಸಿಕ್ಕೀತು? ಆದರೆ ನಮ್ಮ ಮನೆಗಳಲ್ಲಿ ಕೊಂಕಣ ರೈಲ್ವೆಯ ಚರಿತ್ರೆ ಶುರುವಾಗುವುದೇ ಇಲ್ಲಿಂದ ಎಂದು ನನ್ನ ಎಣಿಕೆ.

ಯೋಜನೆಯ ಕಾಗದಪತ್ರಗಳ ಚರಿತ್ರೆ ಬೇರೆ. ಕೊಂಕಣಕ್ಕೆ ರೈಲು ಬೇಕೆಂದು ಅ. ಬ. ವಾಲಾವಲಕರ್ ದಶಕಗಳ ಕಾಲ ಪಟ್ಟು ಹಿಡಿದು ಓಡಾಡಿದರು. ರಾಜಾಪುರದ ಸಂಸದ ಬ್ಯಾರಿಸ್ಟರ್ ನಾಥ್ ಪೈ ಲೋಕಸಭೆಯಲ್ಲಿ ದನಿ ಎತ್ತಿದರು. 1957ರಲ್ಲಿ ದಾಸಗಾಂವ್‌ನಿಂದ ಮಂಗಳೂರಿನವರೆಗೆ ವಿಮಾನದಿಂದ ಸಮೀಕ್ಷೆಯೂ ಆಯಿತು. ಆಮೇಲಿನದು ಆಮೆನಡಿಗೆ. ದಿವಾದಿಂದ ಪನ್ವೇಲ್‌ಗೆ ಹಳಿ ಬಂದದ್ದು 1964ರಲ್ಲಿ, ಅಲ್ಲಿಂದ ಆಪ್ಟಾಕ್ಕೆ 1966ರಲ್ಲಿ, ಆಪ್ಟಾದಿಂದ ರೋಹಾಕ್ಕೆ 1986ರಲ್ಲಿ. ಪನ್ವೇಲ್‌ನಿಂದ ರೋಹಾ ಎಷ್ಟು ದೂರವೆಂದು ಬಲ್ಲವರಿಗೆ ಈ 22 ವರ್ಷಗಳ ಅರ್ಥ ತಿಳಿದೀತು.

ತಡಕ್ಕೆ ಕಾರಣವಿಲ್ಲದೆ ಇರಲಿಲ್ಲ. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಕಡಲು, ನಡುವೆ ಹೆಜ್ಜೆಗೊಂದು ಹೊಳೆ. ಇಂಥಲ್ಲಿ ಹಳಿ ಹಾಕಿದರೆ ಹಾಕಿದ ಹಣ ವಾಪಸ್ಸು ಬಂದೀತೇ ಎಂಬುದು ದಿಲ್ಲಿಯ ಹಳೆಯ ಪ್ರಶ್ನೆ. ಕರಾವಳಿಯವರು ಬಡವರು, ಸಾಗಿಸಲು ಸರಕಿಲ್ಲ ಎಂದು ರೈಲು ಕೊಡಲಿಲ್ಲ. ರೈಲಿಲ್ಲದ್ದರಿಂದ ಕಾರ್ಖಾನೆ ಬರಲಿಲ್ಲ, ಸರಕು ಹುಟ್ಟಲಿಲ್ಲ. ಮಕ್ಕಳು ಮಾತ್ರ ಬೆಳೆದಂತೆಲ್ಲ ಮುಂಬಯಿಯ ಹೋಟೆಲುಗಳಿಗೆ ಬಸ್ಸು ಹತ್ತಿದರು. ಮುಂದೆ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆಯಿತು, 1979ರಲ್ಲಿ ಹಾಸನ–ಮಂಗಳೂರು ಮಾರ್ಗವೂ ತೆರೆಯಿತು. ಆಗ ಮಂಗಳೂರಿನಿಂದ ಪೂರ್ವಕ್ಕೂ ದಕ್ಷಿಣಕ್ಕೂ ಹಳಿ ಇದ್ದಂತಾಯಿತು. ಉತ್ತರ ದಿಕ್ಕು ಮಾತ್ರ ಖಾಲಿ.

1989ರ ಡಿಸೆಂಬರಿನಲ್ಲಿ ಗ್ರಹಗತಿ ಕೂಡಿಬಂತೆನ್ನಬೇಕು. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಕಾರ್ಮಿಕ ಚಳವಳಿಯಲ್ಲಿ ಬೆಳೆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾದರು. 1974ರಲ್ಲಿ ದೇಶದ ರೈಲುಗಳನ್ನೆಲ್ಲ ನಿಲ್ಲಿಸಿದ ಮುಷ್ಕರದ ನಾಯಕ ಅವರೇ! ನಾಥ್ ಪೈ ನಂತರ ರಾಜಾಪುರದಿಂದ ಆರಿಸಿ ಬಂದ ಮಧು ದಂಡವತೆ ಹಣಕಾಸು ಸಚಿವರು. ದಂಡವತೆಯವರನ್ನು ನಾವು ಹೆಂಗಸರು ಬೇರೆ ಕಾರಣಕ್ಕೂ ನೆನೆಯಬೇಕು. 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದಾಗ ಎರಡನೇ ದರ್ಜೆಯ ಮರದ ಹಲಗೆಯ ಮೇಲೆ ಮೆತ್ತೆ ಹಾಕಿಸಿದವರು ಅವರು.

ಇವರಿಬ್ಬರೂ ಬರಿಯ ಆಶ್ವಾಸನೆ ಕೊಟ್ಟು ಹೋಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ವರ್ಷ ವರ್ಷ ರೈಲ್ವೆ ಬಜೆಟ್ಟಿನ ಮುಂದೆ ಕೈಚಾಚುವ ಬದಲು 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮವೆಂಬ ಪ್ರತ್ಯೇಕ ಕಂಪೆನಿ ಕಟ್ಟಿದರು. ಕೇಂದ್ರದ ಪಾಲು ನೂರಕ್ಕೆ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣವನ್ನು ಬಾಂಡುಗಳ ಮೂಲಕ ಸಾರ್ವಜನಿಕರಿಂದ ಎತ್ತಿದರು. ಮುಖ್ಯಸ್ಥರಾಗಿ ಇ. ಶ್ರೀಧರನ್ ಬಂದರು. ಸೆಪ್ಟೆಂಬರಿನಲ್ಲಿ ರೋಹಾದಲ್ಲಿ ಶಂಕುಸ್ಥಾಪನೆಯಾಯಿತು, ನವೆಂಬರಿನಲ್ಲಿ ಸರಕಾರವೇ ಉರುಳಿತು. ಆದರೂ ಕೆಲಸ ನಿಲ್ಲಲಿಲ್ಲ, ಏಕೆಂದರೆ ಅಷ್ಟರಲ್ಲಿ ನಾಲ್ಕು ರಾಜ್ಯಗಳು ಪಾಲುದಾರರಾಗಿಬಿಟ್ಟಿದ್ದವು. ಸುರಂಗ, ಸೇತುವೆಗಳ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ನನಗೆ ಮಾತ್ರ ಈ ಕಾಗದದ ಸೇತುವೆಯೇ ಹೆಚ್ಚು ಗಟ್ಟಿಯೆನಿಸುತ್ತದೆ.

ಕಟ್ಟಿದ್ದೂ ಸಣ್ಣ ಕೆಲಸವಲ್ಲ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ., 90ಕ್ಕೂ ಹೆಚ್ಚು ಸುರಂಗ, ಸಣ್ಣವು ದೊಡ್ಡವು ಸೇರಿ ಸುಮಾರು 2,000 ಸೇತುವೆಗಳು. ಹೊನ್ನಾವರದಲ್ಲಿ ಶರಾವತಿಯ ಮೇಲಿನದು 2 ಕಿ.ಮೀ.ಗೂ ಉದ್ದ. ಗೋವಾದಲ್ಲಿ ದಾರಿ ಎಲ್ಲಿ ಹಾಯಬೇಕೆಂಬ ವಿವಾದ ಎದ್ದು ಕೆಲಸ ತಿಂಗಳುಗಟ್ಟಲೆ ನಿಂತಿತು. ಪೆರ್ನೆಮ್ ಸುರಂಗದ ಮೆದು ಮಣ್ಣು ಕುಸಿದು ಕುಸಿದು ಎಲ್ಲರನ್ನೂ ಕಾಯಿಸಿತು. ನಮ್ಮ ಕಡೆಯ ತುದಿಯೇ ಮೊದಲು ತೆರೆದದ್ದು: 1993ರ ಮಾರ್ಚ್ 20ರಂದು ಉಡುಪಿ–ಮಂಗಳೂರು ನಡುವೆ ರೈಲು ಓಡಿತು. 1998ರ ಮೇ 1ರಂದು ಪ್ರಧಾನಿ ವಾಜಪೇಯಿ ಇಡೀ ಮಾರ್ಗವನ್ನು ದೇಶಕ್ಕೆ ಅರ್ಪಿಸಿದರು, ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಟಿತು.

ಮಲಗಲು ಬರ್ತು, ಡಬ್ಬಿಯ ತುದಿಯಲ್ಲಿ ಶೌಚಾಲಯ, ಪಕ್ಕದಲ್ಲಿ ಊರಿನ ಭಾಷೆ. ಗಂಡನಿಗೆ ರಜೆ ಸಿಗಲಿಲ್ಲವೆಂದು ತೌರಿನ ಮದುವೆ, ಕೋಲ, ಬಾಣಂತನ ತಪ್ಪಿಸಿಕೊಳ್ಳುತ್ತಿದ್ದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ತಾವೇ ಹೊರಡತೊಡಗಿದರು. ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳದ ಚೀಲಗಳು ಬರ್ತಿನಡಿ ತುಂಬಿದವು. (ಈ ಸರಕು ಸಾಗಣೆಯ ಲೆಕ್ಕ ಯಾವ ನಿಗಮದ ಬಳಿಯೂ ಇರಲಾರದು.)

ನಿಗಮದ ಲೆಕ್ಕದ ಸರಕಿನಲ್ಲೂ ಒಂದು ಜಾಣತನವಿತ್ತು. 1999ರಲ್ಲಿ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವ 'ರೋ-ರೋ' ಶುರುವಾಯಿತು. ಮುಂದೆ ಅದು ಸುರತ್ಕಲ್ಲಿನವರೆಗೂ ಬಂತು. ಡೀಸೆಲ್ ಉಳಿಯಿತು, ಡ್ರೈವರನಿಗೆ ತನ್ನ ಲಾರಿಯಲ್ಲೇ ನಿದ್ದೆ.

ಆದರೆ ಸಾಲ ತೀರಿಸಬೇಕಲ್ಲ. ಆ ಭಾರ ಬಿದ್ದದ್ದು ನಮ್ಮ ಟಿಕೇಟಿನ ಮೇಲೆ. ಈ ಮಾರ್ಗದಲ್ಲಿ ಪ್ರಯಾಣಿಕರ 100 ಕಿ.ಮೀ.ಯನ್ನು 140 ಎಂದೂ ಸರಕಿನದನ್ನು 150 ಎಂದೂ ಎಣಿಸಿ ದರ ಕಟ್ಟುವ ಕ್ರಮ ಬಂತು. ಇನ್ನೊಂದು ಬೆಲೆ ಇದಕ್ಕಿಂತ ಘೋರವಾದದ್ದು. 2003ರ ಜೂನ್ 22ರ ರಾತ್ರಿ ವೈಭವವಾಡಿ ಬಳಿ ಹಳಿಯ ಮೇಲೆ ಬಿದ್ದ ಬಂಡೆಗೆ ಕಾರವಾರದಿಂದ ಮುಂಬಯಿಗೆ ಬರುತ್ತಿದ್ದ ರಜಾ ವಿಶೇಷ ರೈಲು ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನ್‌ನಲ್ಲಿ ಮತ್ಸ್ಯಗಂಧವೇ ಮಹಾಡ್ ಸಮೀಪ ಅಪಘಾತಕ್ಕೀಡಾಯಿತು. ಗುಡ್ಡಗಳಿಗೆ ಬಲೆ, ತಡೆಗೋಡೆ, ಮಳೆಗಾಲದ ಗಸ್ತು, ಕಡಿಮೆ ವೇಗದ ಬೇರೆ ವೇಳಾಪಟ್ಟಿ, ಇವೆಲ್ಲದರ ಹಿಂದೆ ಆ ಜೂನ್‌ಗಳಿವೆ. ರೈಲು ತಡವೆಂದು ಗೊಣಗುವಾಗ ಇದನ್ನೂ ನೆನೆಯಬೇಕು.

2022ರಲ್ಲಿ ಇಡೀ ಮಾರ್ಗ ವಿದ್ಯುದೀಕರಣಗೊಂಡಿತು. ಹಳಿ ಮಾತ್ರ ಬಹುಪಾಲು ಈಗಲೂ ಒಂಟಿ. ಜೋಡಿಯಾದದ್ದು ರೋಹಾ–ವೀರ್ ನಡುವಿನ ಸುಮಾರು 47 ಕಿ.ಮೀ. ಒಂಟಿ ಹಳಿಯಲ್ಲಿ ಎದುರು ಬರುವ ಗಾಡಿಗೆ ದಾರಿ ಬಿಟ್ಟು ಸ್ಟೇಷನ್ನಿನಲ್ಲಿ ಕಾಯಲೇಬೇಕು. ರಜೆಯಲ್ಲಿ ಎಷ್ಟು ಬೇಡಿಕೆಯಿದ್ದರೂ ಹೊಸ ರೈಲಿಗೆ ಜಾಗ ಸಿಗುವುದು ಕಷ್ಟ. ಜೋಡಿ ಹಳಿಗೆ ಹಣ ಬೇಕು, ಹಣಕ್ಕೆ ಭಾರತೀಯ ರೈಲ್ವೆಯೊಡನೆ ವಿಲೀನವಾಗಬೇಕೆಂಬ ವಾದ ಬಲವಾಗಿದೆ. 'ಕೊಂಕಣ ರೈಲ್ವೆ' ಎಂಬ ಹೆಸರು ಉಳಿಯಲಿ ಎಂದು ಕೇಳಿ ಮಹಾರಾಷ್ಟ್ರವೂ 2025ರಲ್ಲಿ ಒಪ್ಪಿದೆ.

ಇನ್ನು ನಮ್ಮ ಬೊರಿವಲಿಯ ಮಾತು. ವೆಸ್ಟರ್ನ್ ಲೈನನ್ನು ಹಾಕಿದ ಬಿ.ಬಿ.ಸಿ.ಐ. ಕಂಪೆನಿಯ ಕಣ್ಣು ಗುಜರಾತಿನ ಕಡೆಗಿತ್ತು, ದಕ್ಷಿಣದ ದಾರಿ ಸೆಂಟ್ರಲ್‌ನವರ ಪಾಲು. ಆ ಪಾಲುಪಟ್ಟಿ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಊರಿನ ರೈಲು ಹಿಡಿಯಲು ಗಂಟುಮೂಟೆ ಹೊತ್ತು ದಾದರಿನ ಮೆಟ್ಟಿಲು ಹತ್ತಬೇಕು, ಇಲ್ಲವೇ ಕುರ್ಲಾಕ್ಕೆ ಟ್ಯಾಕ್ಸಿ. ಉತ್ತರದಿಂದ ಬರುವ ದೂರದ ಗಾಡಿಗಳು ವಸಯಿಯಲ್ಲೇ ದಿವಾದ ಕಡೆಗೆ ತಿರುಗಿಬಿಡುವುದರಿಂದ, ತೆಂಕಣಕ್ಕೆ ಹೋಗಲು ನಾವು ಮೊದಲು ಬಡಗಣಕ್ಕೆ ಹೋಗುವ ತಮಾಷೆಯೂ ಉಂಟು.

2024ರ ಆಗಸ್ಟ್ 29ರಂದು ಇದೇ ಬೊರಿವಲಿ ನಿಲ್ದಾಣದಲ್ಲಿ ಬಾಂದ್ರಾ–ಮಡಗಾಂವ್ ಎಕ್ಸ್‌ಪ್ರೆಸ್‌ಗೆ ಹಸಿರು ಬಾವುಟ ತೋರಿಸಲಾಯಿತು. ವಾರಕ್ಕೆ ಎರಡು ದಿನ ಬೊರಿವಲಿ, ವಸಯಿ, ಪನ್ವೇಲ್ ಹಾದು ಕೊಂಕಣಕ್ಕಿಳಿಯುವ ಗಾಡಿ ಎಂದು ಪ್ರಕಟವಾಯಿತು. ಲೋಕಲ್‌ಗಳಿಗೂ ದೂರದ ಗಾಡಿಗಳಿಗೂ ಬೇರೆ ಬೇರೆ ಹಳಿ ಇರಲೆಂದು ಖಾರ್‌ನಿಂದ ಹಾಕುತ್ತ ಬಂದ ಆರನೆಯ ಮಾರ್ಗದಿಂದ ಇಂಥ ಗಾಡಿಗಳಿಗೆ ಇನ್ನಷ್ಟು ಜಾಗವಾದೀತು. ಸದ್ಯಕ್ಕೆ ಆ ಎಕ್ಸ್‌ಪ್ರೆಸ್ಸಿನ ಹಳದಿ ಫಲಕದಲ್ಲಿ ಕೊನೆಯ ಊರು ಮಡಗಾಂವ್. ಕಾರವಾರ, ಕುಮಟಾ, ಭಟ್ಕಳ, ಕುಂದಾಪುರ, ಉಡುಪಿ ಅದರಾಚೆಗಿವೆ. ಹಳಿಯೂ ಅಲ್ಲಿಯವರೆಗೆ ಇದೆ.